ಮಗಳನ್ನು ಒಂಬತ್ತು ತಿಂಗಳು ತಂದೆಯ ಬಳಿ ಬಿಡಲು ಬಾಂಡ್ ಪೇಪರ್ ಸಾಕೆ?

ಪ್ರಶ್ನೆ: ನಾನು ಮಂಗಳೂರಿನವಳು. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದಾಗ ಎಂಟು ವರ್ಷದ ಮಗಳು ನನ್ನ ವಶದಲ್ಲಿರಬೇಕೆಂದು ಇಲ್ಲಿನ ಕೌಟುಂಬಿಕ ನ್ಯಾಯಾಲಯ ಆದೇಶಿಸಿದೆ. ಈಗ ಒಂಬತ್ತು ತಿಂಗಳ ಕೆಲಸಕ್ಕೆ ದುಬೈಗೆ ಹೋಗಬೇಕಾಗಿದೆ. ಅಷ್ಟು ದಿನ ಅವಳು ಉಡುಪಿಯಲ್ಲಿ ತಂದೆಯ ಜೊತೆ ಇರಲೆಂದು ಇಬ್ಬರೂ ಒಪ್ಪಿದ್ದೇವೆ. ಬಾಂಡ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಲದೆ?

ಉತ್ತರ: ಸಾಲದು. ನೋಟರಿಯ ಮೊಹರು ಸಹಿ ನಿಮ್ಮದೇ ಎನ್ನುವುದಕ್ಕೆ ಸಾಕ್ಷಿ, ಅಷ್ಟೆ. ನ್ಯಾಯಾಲಯದ ಆದೇಶವನ್ನು ಅದು ತಿದ್ದಲಾರದು. ನಾಳೆ ಮನಸ್ತಾಪವಾದರೆ ಕಾಗದದ ಮಟ್ಟಿಗೆ ಹಳೆಯ ಆದೇಶವೇ ಊರ್ಜಿತ. ಆದರೆ ಮಗು ಎಲ್ಲಿ ನೆಲೆಯೂರಿದೆ ಎಂಬುದನ್ನೂ ನ್ಯಾಯಾಧೀಶರು ನೋಡುತ್ತಾರೆ. ನಿಮಗೆ ಅಪಾಯವಿರುವುದು ಅಲ್ಲಿಯೇ.

ದಾರಿ ಕಷ್ಟದ್ದಲ್ಲ. ಹಿಂದೂ ವಿವಾಹ ಕಾಯ್ದೆ 1955ರ 26ನೇ ಕಲಂ ಪ್ರಕಾರ ಮಕ್ಕಳ ವಶದ ಆದೇಶವನ್ನು ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ತೀರ್ಪು, ಆದ ಮೇಲೂ ಮಾರ್ಪಡಿಸಬಹುದು. ಇಂಥ ಆದೇಶಗಳು ಕಲ್ಲಿನ ಶಾಸನವಲ್ಲ, ಮಗುವಿನ ಹಿತಕ್ಕೆ ತಕ್ಕಂತೆ ಬದಲಾಗಬಲ್ಲವು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿಯೂ ಹೀಗೆ ಅರ್ಜಿ ಹಾಕಲು ಅವಕಾಶವಿದೆ. ಮೊದಲ ಆದೇಶ ಕೊಟ್ಟ ನ್ಯಾಯಾಲಯಕ್ಕೇ ಇಬ್ಬರೂ ಸೇರಿ ಅರ್ಜಿ ಸಲ್ಲಿಸಿ. ನೀವಿಬ್ಬರೂ ಒಪ್ಪಿದ್ದೀರಿ ಎಂಬುದೊಂದೇ ಸಾಲದು. ಮಗುವಿಗೆ ಒಳ್ಳೆಯದೇ ಎಂದು ನ್ಯಾಯಾಧೀಶರಿಗೂ ಅನ್ನಿಸಬೇಕು. ಅವರು ಮಗಳನ್ನೇ ಕರೆದು ಮಾತನಾಡಿಸಲೂಬಹುದು. ಹೆದರಬೇಡಿ, ಏನು ಹೇಳಬೇಕೆಂದು ಅವಳಿಗೆ ಪಾಠವನ್ನೂ ಮಾಡಬೇಡಿ.

ಸಹಿ ಹಾಕುವ ಮೊದಲು ಕರಡನ್ನು ನಿಮ್ಮದೇ ವಕೀಲರಿಗೆ ತೋರಿಸಿ. 'ಇಬ್ಬರಿಗೂ ಒಬ್ಬರೇ ಸಾಕು, ಖರ್ಚು ಉಳಿಯುತ್ತದೆ' ಎನ್ನುವವರಿದ್ದಾರೆ. ಆದರೆ ನಾಳೆ ಜಗಳವಾದರೆ ಆ ಒಬ್ಬರು ಯಾರ ಪರ ನಿಲ್ಲಬೇಕು? ಹಣದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ವಕೀಲರ ಬಳಿ ಮುಖ್ಯವಾಗಿ ಕೇಳಬೇಕಾದದ್ದು 'ತಾತ್ಕಾಲಿಕ' ಎಂಬ ಪದದ ಬಗ್ಗೆ. ಬರಿಯ ಆ ಪದಕ್ಕೆ ಬೆಲೆಯಿಲ್ಲ. ಮಗಳು ಯಾವ ದಿನಾಂಕಕ್ಕೆ ನಿಮ್ಮ ಮನೆಗೆ ಮರಳುತ್ತಾಳೆ, ಕೆಲಸ ಮುಂದುವರಿದರೆ ಏನು, ನೀವು ಬೇಗ ಬಂದರೆ ಏನು ಎಂಬುದು ಬರಹದಲ್ಲಿರಬೇಕು. ಆ ದಿನಾಂಕಕ್ಕೆ ಹಳೆಯ ಆದೇಶ ತಾನಾಗಿಯೇ ಮತ್ತೆ ಜಾರಿಗೆ ಬರುತ್ತದೆ ಎಂದೂ ಸೇರಿಸಿ. ಶಾಲೆಯ ವಿಷಯದಲ್ಲಿ ನನಗೆ ಸ್ವಲ್ಪ ಹಠವಿದೆ. ದಿನಾ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಬರುವುದು ಎಂಟರ ಮಗುವಿನ ಕೈಲಾಗದು, ಹಾಗಾಗಿ ಟಿಸಿ ತೆಗೆಯಬೇಕಾದೀತು. ತೆಗೆಯುವುದಾದರೆ ಒಂದೇ ಶೈಕ್ಷಣಿಕ ವರ್ಷಕ್ಕೆ ಎಂದು ಕಾರಣಸಹಿತ ಬರೆಸಿ. ಇಲ್ಲದಿದ್ದರೆ ಹೊಸ ಶಾಲೆ, ಹೊಸ ಗೆಳತಿಯರೇ ಮುಂದೆ ನಿಮ್ಮ ವಿರುದ್ಧದ ವಾದವಾಗುತ್ತಾರೆ.

ಈಗ ತಂದೆ ಕೊಡುತ್ತಿರುವ ಮಗುವಿನ ಜೀವನಾಂಶ ಈ ಅವಧಿಯಲ್ಲಿ ನಿಲ್ಲುತ್ತದೆಯೆ, ಪಾಸ್‌ಪೋರ್ಟ್ ಯಾರ ಬಳಿ, ದಸರಾ ರಜೆಗೆ ಅಜ್ಜಿಯ ಮನೆಗೆ ಬರುವುದು ಹೇಗೆ ಎಂಬುದೂ ಇರಲಿ. ವಿಡಿಯೊ ಕರೆಗೆ ಭಾರತದ ಸಮಯವನ್ನೇ ನಮೂದಿಸಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ನಿಮ್ಮ ಕೆಲಸ ಸಂಜೆ ಏಳಕ್ಕೆ ಮುಗಿದರೆ ಇಲ್ಲಿ ಎಂಟೂವರೆ, ಅವಳು ಊಟ ಮುಗಿಸಿ ಮಲಗುವ ಹೊತ್ತು.

ಒಪ್ಪಿಗೆಯ ಅರ್ಜಿಗೂ ಒಂದಕ್ಕಿಂತ ಹೆಚ್ಚು ಬಾರಿ ಹಾಜರಾಗಬೇಕಾಗಬಹುದು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಅರ್ಜಿ ಹಾಕಿ. ಆದೇಶವಾದ ಮೇಲೆ ದೃಢೀಕೃತ ನಕಲುಗಳನ್ನು ಪಡೆದು ಒಂದನ್ನು ಉಡುಪಿಯ ಶಾಲೆಗೆ ಕೊಡಿ, ಒಂದು ನಿಮ್ಮ ತಾಯಿಯ ಬಳಿ ಇರಲಿ.