ಕೊಲೊಕೇಷನ್: ಗಾಳಿ ಸೆನ್ಸರನ್ನು ಒರೆಗೆ ಹಚ್ಚುವುದು

ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಗಳಲ್ಲಿ, ಶಾಲೆಗಳ ತಾರಸಿಯಲ್ಲಿ ಈಗ ಅಂಗೈಯಗಲದ ಗಾಳಿ ಸೆನ್ಸರ್‌ಗಳು ಕಾಣುತ್ತವೆ. ಪಿಎಂ 2.5, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ದೂಳುಕಣ, ಎಷ್ಟಿದೆ ಎಂದು ಮೊಬೈಲಿಗೆ ಕಳಿಸುತ್ತವೆ. ಆ ಅಂಕಿಯನ್ನು ನಂಬುವ ಮುಂಚೆ ಆಗಲೇಬೇಕಾದ ಕೆಲಸ ಕೊಲೊಕೇಷನ್. ಅಗ್ಗದ ಸೆನ್ಸರನ್ನು ಪ್ರಮಾಣಿತ ಯಂತ್ರದ ಪಕ್ಕದಲ್ಲಿ ಕೆಲವು ವಾರ ಇಟ್ಟು, ಒಂದೇ ಗಾಳಿಗೆ ಎರಡೂ ಏನು ಹೇಳುತ್ತವೆಂದು ಹೋಲಿಸುವುದು. ‘ಸಹಸ್ಥಾಪನೆ’ ಎನ್ನಬಹುದು, ಆದರೆ ಆ ಪದ ಪಕ್ಕದಲ್ಲಿಡುವುದನ್ನಷ್ಟೇ ಹೇಳುತ್ತದೆ. ಯಾಕೆ ಇಡುತ್ತೇವೆ ಎನ್ನುವುದು ಅಕ್ಕಸಾಲಿಗರ ‘ಒರೆಗೆ ಹಚ್ಚುವುದು’ ಎಂಬ ಮಾತಿನಲ್ಲಿದೆ.

ಅಗ್ಗದ ಸೆನ್ಸರ್ ದೂಳನ್ನು ತೂಗುವುದೇ ಇಲ್ಲ. ಒಳಗೊಂದು ಪುಟ್ಟ ಫ್ಯಾನು ಗಾಳಿಯನ್ನೆಳೆಯುತ್ತದೆ, ಲೇಸರ್ ಕಿರಣ ಕಣಗಳಿಗೆ ಬಡಿದು ಚದುರುತ್ತದೆ, ಚದುರಿದ ಬೆಳಕನ್ನು ಫೋಟೊಡಯೋಡ್ ಹಿಡಿಯುತ್ತದೆ. ಅದರಿಂದ ಕಣಗಳ ತೂಕವನ್ನು ಚಿಪ್ ಅಂದಾಜಿಸುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಬಳಸುವ ಬೀಟಾ ಯಂತ್ರದ ದಾರಿ ಬೇರೆ: ಕಾದ ಕೊಳವೆಯಲ್ಲಿ ಗಾಳಿಯ ತೇವ ಇಳಿಸಿ, ದೂಳನ್ನು ಫಿಲ್ಟರ್ ಪಟ್ಟಿಯ ಮೇಲೆ ಹಿಡಿದು, ಅದನ್ನು ದಾಟುವ ಬೀಟಾ ಕಿರಣ ಎಷ್ಟು ತಗ್ಗಿತೆಂದು ನೋಡಿ ತೂಕ ಕಂಡುಕೊಳ್ಳುತ್ತದೆ.

ಎಡವಟ್ಟಾಗುವುದು ತೇವದಲ್ಲಿ. ಸಲ್ಫೇಟ್, ನೈಟ್ರೇಟ್ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ. ಡಿಸೆಂಬರ್–ಜನವರಿಯ ಮಂಜಿನ ಬೆಳಗಿನಲ್ಲಿ ದೂಳು ಅಷ್ಟೇ ಇದ್ದರೂ ಬೆಳಕು ಹೆಚ್ಚು ಚದುರುತ್ತದೆ, ಅಂಕಿ ಏರುತ್ತದೆ. ಇದನ್ನು ಸರಿಪಡಿಸಲು ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ (ಇಪಿಎ) ಪರ್ಪಲ್‌ಏರ್ ಎಂಬ ಕಂಪನಿಯ ಅಗ್ಗದ ಸೆನ್ಸರ್‌ಗಳಿಗೆ ಬಳಸಿದ ಒಂದು ಸೂತ್ರ ಹೀಗಿದೆ: ಸೆನ್ಸರ್ ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಿ. ಸೆನ್ಸರ್ 60, ತೇವಾಂಶ ಶೇ 80 ಎಂದಿದ್ದರೆ ಉತ್ತರ ಸುಮಾರು 30, ಅಂದರೆ ಅರ್ಧಕ್ಕರ್ಧ. ಆದರೆ ಆ ಅಂಕೆಗಳು ಹುಟ್ಟಿದ್ದು ಅಮೆರಿಕದ ಗಾಳಿಯಿಂದ. ನಮ್ಮ ಡೀಸೆಲ್ ಹೊಗೆ, ಸುಟ್ಟ ಕಸ, ರಸ್ತೆ ದೂಳು ಬೆರೆತ ಗಾಳಿಗೆ ನಮ್ಮದೇ ಸೂತ್ರ ಬೇಕು, ಅದು ಕೊಲೊಕೇಷನ್ನಿಂದಲೇ ಸಿಗಬೇಕು.

ಮಾಡುವ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ಅನುಮತಿ ಪಡೆದು ಎರಡು ಮೂರು ಸೆನ್ಸರ್‌ಗಳನ್ನು ಯಂತ್ರದ ಗಾಳಿಬಾಯಿಯಿಂದ ಕೆಲವೇ ಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಕಟ್ಟಬೇಕು. ಒಂದೇ ಸೆನ್ಸರ್ ಸಾಲದು, ಕೆಟ್ಟಿದ್ದು ಅದೋ ಗಾಳಿಯೋ ತಿಳಿಯುವುದಿಲ್ಲ. ಮೇಲೆ ನೆರಳು ಬೇಕು, ಕೆಳಗೆ ಅಡುಗೆಮನೆಯ ಹೊಗೆಕೊಳವೆ ಇರಬಾರದು. ಅಮೆರಿಕದ ಅದೇ ಸಂಸ್ಥೆ ಎರಡು ಕಡೆ ತಲಾ 30 ದಿನ ಇಡಲು ಹೇಳುತ್ತದೆ. ಎರಡರ ಅಂಕಿಗಳನ್ನು ಗ್ರಾಫಿನಲ್ಲಿ ಹಾಕಿ ಎಳೆದ ಗೆರೆಯ ಇಳಿಜಾರು 0.65ರಿಂದ 1.35ರ ಒಳಗೆ, ಅಂಕಿಗಳು ಆ ಗೆರೆಗೆ ಎಷ್ಟು ಹೊಂದುತ್ತವೆಂದು ಹೇಳುವ ಆರ್-ಸ್ಕ್ವೇರ್ 0.70 ಅಥವಾ ಮೇಲೆ ಇರಬೇಕೆನ್ನುತ್ತದೆ. ಬೆಂಗಳೂರಿನಲ್ಲಿ ಒಂದು ಸಲ ಮುಂಗಾರಿನಲ್ಲಿ, ಇನ್ನೊಂದು ಸಲ ಫೆಬ್ರವರಿಯ ಒಣಹವೆಯಲ್ಲಿ ಇಟ್ಟರೆ ಒಳ್ಳೆಯದು. ಮಳೆಗಾಲದ ಸೂತ್ರ ಬೇಸಿಗೆಗೆ ಹೊಂದದೆ ಹೋಗುತ್ತದೆ.

ಹೋಲಿಸುವಾಗ ಗಡಿಯಾರದ ಕಡೆ ಗಮನವಿರಲಿ. ಬಹಳಷ್ಟು ಸೆನ್ಸರ್‌ಗಳು ವಿಶ್ವ ಸಮಯದಲ್ಲಿ (ಯುಟಿಸಿ) ದಾಖಲಿಸುತ್ತವೆ, ಸರ್ಕಾರಿ ಕೇಂದ್ರ ಭಾರತೀಯ ಕಾಲಮಾನದಲ್ಲಿ. ವ್ಯತ್ಯಾಸ ಐದೂವರೆ ಗಂಟೆ. ವಿಶ್ವ ಸಮಯದ ಗಂಟೆ ನಮ್ಮಲ್ಲಿ ಅರ್ಧ ಗಂಟೆಯ ಮೇಲೆ ಶುರುವಾಗುವುದರಿಂದ, ಗಂಟೆಯ ಸರಾಸರಿ ಮಾಡಿದ ಮೇಲೆ ಐದು ಸಾಲು ಸರಿಸಿದರೂ ಆರು ಸಾಲು ಸರಿಸಿದರೂ ಹೊಂದುವುದಿಲ್ಲ. ನಿಮಿಷದ ದತ್ತಾಂಶವನ್ನು ಮೊದಲು ಭಾರತೀಯ ಸಮಯಕ್ಕೆ ತಂದು, ಆಮೇಲೆ ಸರಾಸರಿ ತೆಗೆಯಬೇಕು. ಇದೊಂದನ್ನು ಮರೆತು ಒಳ್ಳೆಯ ಸೆನ್ಸರನ್ನೇ ಕೆಟ್ಟದ್ದೆಂದು ಬದಿಗಿಡುವುದುಂಟು.

ಸೂತ್ರ ಸರಿಯಾದರೂ ಒಂದು ಕೊರತೆ ಉಳಿಯುತ್ತದೆ. ಈ ಸೆನ್ಸರ್‌ಗಳಿಗೆ ದಪ್ಪ ಕಣಗಳು ಸರಿಯಾಗಿ ಕಾಣುವುದಿಲ್ಲ. ಅಗೆದ ರಸ್ತೆ, ಕಟ್ಟಡ ಕಾಮಗಾರಿಯ ದೂಳಿನಲ್ಲಿ ಹೆಚ್ಚಿರುವುದು ಇಂಥ ದಪ್ಪ ಕಣಗಳೇ. ಅವು ಲೆಕ್ಕಕ್ಕೆ ಬರುವುದು ಪಿಎಂ 10ರಲ್ಲಿ, ಅಂದರೆ 10 ಮೈಕ್ರಾನ್‌ವರೆಗಿನ ಕಣಗಳಲ್ಲಿ. ಹಾಗಾಗಿ ತೆರೆಯ ಮೇಲೆ ಬರುವ ಪಿಎಂ 10 ಅಂಕಿ ಬಹುತೇಕ ಊಹೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರೂ ಇದೆ, 2025–26ರ ಹೊತ್ತಿಗೆ ಶೇ 40ರವರೆಗೆ ತಗ್ಗಿಸಬೇಕೆಂದ ಗುರಿ ಪಿಎಂ 10ದೇ. ಹಾಗಾಗಿ ಬಾಲ್ಕನಿಯ ಸೆನ್ಸರ್ ತೋರಿಸಿ ಗುರಿ ಮುಟ್ಟಿತೆಂದೋ ತಪ್ಪಿತೆಂದೋ ವಾದಿಸುವುದು ಸರಿಯಲ್ಲ.

ಕಾನೂನಿನ ಮಾತೂ ಇದೆ. 2009ರ ರಾಷ್ಟ್ರೀಯ ವಾಯು ಗುಣಮಟ್ಟ ಅಧಿಸೂಚನೆ ಪಿಎಂ 2.5ಕ್ಕೆ 24 ಗಂಟೆಯ ಮಿತಿ 60, ವರ್ಷದ ಮಿತಿ 40 ಮೈಕ್ರೋಗ್ರಾಂ (ಒಂದು ಘನ ಮೀಟರ್ ಗಾಳಿಗೆ) ಎನ್ನುತ್ತದೆ. ಅಳೆಯುವ ವಿಧಾನಗಳಾಗಿ ಫಿಲ್ಟರ್ ತೂಕ, ಟಿಇಒಎಂ (ಕಂಪಿಸುವ ಫಿಲ್ಟರಿನ ಮೇಲೆ ದೂಳು ತೂಗುವ ಯಂತ್ರ), ಬೀಟಾ ಈ ಮೂರನ್ನು ಹೆಸರಿಸುತ್ತದೆ. ಬೆಳಕಿನ ಚದುರುವಿಕೆ ಆ ಪಟ್ಟಿಯಲ್ಲಿಲ್ಲ. ಆದರೂ ಒರೆಗೆ ಹಚ್ಚಿದ ಸೆನ್ಸರ್‌ಗಳ ಜಾಲಕ್ಕೆ ದೊಡ್ಡ ಕೆಲಸವಿದೆ: ಯಾವ ಜಂಕ್ಷನ್ನಿನಲ್ಲಿ ಯಾವ ಗಂಟೆಯಲ್ಲಿ ಅಂಕಿ ಏರುತ್ತದೆ, ಪೀಣ್ಯದ ಯಾವ ಬೀದಿಯಲ್ಲಿ ರಾತ್ರಿ ಕಸ ಸುಡುತ್ತಾರೆ, ಮುಂದಿನ ಸರ್ಕಾರಿ ಕೇಂದ್ರ ಎಲ್ಲಿಗೆ ಬರಬೇಕು ಎನ್ನುವುದನ್ನು ನಗರದ ಬೆರಳೆಣಿಕೆಯ ದುಬಾರಿ ಯಂತ್ರಗಳು ಹೇಳಲಾರವು.

ವರ್ಷವಾದ ಮೇಲೆ ಸೆನ್ಸರ್ ಮತ್ತೆ ಯಂತ್ರದ ಪಕ್ಕಕ್ಕೆ ಬರಬೇಕು. ಫ್ಯಾನಿಗೆ ದೂಳು ಮೆತ್ತುತ್ತದೆ, ಗಾಳಿಬಾಯಿಯಲ್ಲಿ ಜೇಡ ಬಲೆ ಕಟ್ಟುತ್ತದೆ, ಲೇಸರ್ ಮಂಕಾಗುತ್ತದೆ. ಅಷ್ಟಾದರೂ ತೆರೆಯ ಮೇಲೆ ಅಂಕಿ ಬರುತ್ತಲೇ ಇರುತ್ತದೆ.