ಉಳಿದ ಮಾತ್ರೆ ಯಾರ ಕೈಗೆ?

ಆಪರೇಷನ್ ಆಗಿ ಮನೆಗೆ ಹೊರಟವರ ಕೈಗೆ ನೋವಿನ ಮಾತ್ರೆಯ ಚೀಟಿ ಸಿಗುತ್ತದೆ. ನಾಲ್ಕು ದಿನ ತಿನ್ನುತ್ತಾರೆ, ನೋವು ತಗ್ಗುತ್ತದೆ, ಉಳಿದದ್ದು ಕಪಾಟು ಸೇರುತ್ತದೆ. ಎಷ್ಟು ಜನರ ಮನೆಯಲ್ಲಿ ಹೀಗೆ ಉಳಿಯುತ್ತದೆ? ಅಮೆರಿಕದ ಸಂಶೋಧಕರು ಇದರ ಬಗ್ಗೆ ಅದುವರೆಗೆ ನಡೆದಿದ್ದ ಆರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2017ರಲ್ಲಿ ವರದಿ ಮಾಡಿದರು. ಓಪಿಯಾಯ್ಡ್ ಜಾತಿಯ, ಅಂದರೆ ಮಾರ್ಫಿನ್‌ನಂತೆ ಕೆಲಸ ಮಾಡುವ, ನೋವಿನ ಮಾತ್ರೆ ಪಡೆದವರಲ್ಲಿ ಶೇ. 67ರಿಂದ 92ರಷ್ಟು ಮಂದಿ ಅದನ್ನು ಪೂರ್ತಿ ಬಳಸಿರಲಿಲ್ಲ. ಬೀಗ ಹಾಕಿ ಇಟ್ಟವರಂತೂ ತೀರಾ ಕಡಿಮೆ.

ಈ ಉಳಿಕೆಯೇ ಈ ಕಥೆಯ ಮುಖ್ಯ ಪಾತ್ರ. ಮಾದಕ ವಸ್ತು ಎಂದರೆ ನಮ್ಮ ಕಣ್ಣಿಗೆ ಬರುವುದು ಕತ್ತಲಲ್ಲಿ ನಿಂತು ಮಾರುವ ಅಪರಿಚಿತ. ಆದರೆ ಅಮೆರಿಕದ ಸರ್ಕಾರಿ ಸಮೀಕ್ಷೆಗಳಲ್ಲಿ ವರ್ಷವರ್ಷವೂ ಕಾಣುವುದು ಬೇರೆ. ನೋವಿನ ಮಾತ್ರೆಯನ್ನು ತಪ್ಪಾಗಿ ಬಳಸಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದು ಸಿಕ್ಕಿದ್ದು ಸ್ನೇಹಿತರಿಂದ ಅಥವಾ ನೆಂಟರಿಂದ. ಕೆಲವರು ಕದ್ದರು, ಕೆಲವರು ಕೊಂಡರು, ಬಹಳ ಮಂದಿಗೆ ಪುಕ್ಕಟೆಯಾಗಿಯೇ ಸಿಕ್ಕಿತು. ‘ನಿಂಗೂ ಬೆನ್ನುನೋವಾ? ತಗೋ, ನನ್ನ ಹತ್ರ ಒಳ್ಳೆ ಮಾತ್ರೆ ಇದೆ’ ಎನ್ನುವವರು ಯಾರೂ ಕೆಟ್ಟವರಲ್ಲ. ಡಾಕ್ಟರೇ ಬರೆದಿದ್ದು ಅಲ್ವಾ, ಏನಾಗುತ್ತೆ ಎಂಬ ಧೈರ್ಯ ಅಷ್ಟೇ.

ಆಗುವುದು ಏನು ಎಂದರೆ, ಉಸಿರು ನಿಧಾನವಾಗುತ್ತದೆ. ನಾವು ನಿದ್ದೆ ಮಾಡುವಾಗಲೂ ಉಸಿರಾಡುತ್ತೇವೆ, ಏಕೆಂದರೆ ಮೆದುಳಿನ ಬುಡದಲ್ಲಿರುವ ಒಂದಿಷ್ಟು ನರಕೋಶಗಳು ತಾಳ ತಪ್ಪದೆ ಆಜ್ಞೆ ಕೊಡುತ್ತಲೇ ಇರುತ್ತವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಆಜ್ಞೆ ಜೋರಾಗುತ್ತದೆ. ಓಪಿಯಾಯ್ಡ್ ನೋವಿನ ದಾರಿಯನ್ನು ಮುಚ್ಚುವುದರ ಜೊತೆಗೆ ಈ ಕೋಶಗಳನ್ನೂ ಮಂಕು ಮಾಡುತ್ತದೆ. ನಿದ್ದೆಗೆ, ಆತಂಕಕ್ಕೆ ಕೊಡುವ ಬೆಂಜೊಡಯಜೆಪೀನ್ ಮಾತ್ರೆಗಳದ್ದು ಬೇರೆ ದಾರಿ. ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಅವು ಬಲ ತುಂಬುತ್ತವೆ. ಮದ್ಯವೂ ಹೆಚ್ಚುಕಡಿಮೆ ಅದೇ ಬ್ರೇಕ್ ತುಳಿಯುತ್ತದೆ, ಜೊತೆಗೆ ಮೆದುಳನ್ನು ಎಚ್ಚರವಾಗಿಡುವ ಸಂಕೇತಗಳನ್ನೂ ತಡೆಯುತ್ತದೆ. ಬೆಂಜೊಡಯಜೆಪೀನ್ ಒಂದನ್ನೇ ಜಾಸ್ತಿ ತಿಂದು ಸತ್ತವರು ಅಪರೂಪ. ಆದರೆ ಅದರ ಜೊತೆ ಓಪಿಯಾಯ್ಡ್, ಮೇಲೊಂದಿಷ್ಟು ಮದ್ಯ ಸೇರಿದರೆ ಎಲ್ಲವೂ ಒಂದೇ ಉಸಿರಿನ ಮೇಲೆ ಬೀಳುತ್ತವೆ. ಒಂದೊಂದೂ ‘ಸ್ವಲ್ಪವೇ’ ಇದ್ದರೂ ಸಾಕು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಓಪಿಯಾಯ್ಡ್ ಮತ್ತು ಬೆಂಜೊಡಯಜೆಪೀನ್‌ಗಳನ್ನು ಒಟ್ಟಿಗೆ ಬಳಸುವುದರ ವಿರುದ್ಧ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಅಚ್ಚು ಹಾಕಿಸಿತು.

ಇನ್ನೊಂದು ತಿರುವಿದೆ. ಅಮಲಿಗೆ ಮೈ ಬೇಗ ಒಗ್ಗಿಕೊಳ್ಳುತ್ತದೆ, ಅದಕ್ಕೇ ಡೋಸ್ ಏರಿಸುತ್ತಾ ಹೋಗುವುದು. ಉಸಿರು ಕುಗ್ಗುವುದಕ್ಕೆ ಮೈ ಅಷ್ಟು ಬೇಗ ಒಗ್ಗುವುದಿಲ್ಲ. ಅಂದರೆ ಸುಖ ಕೊಡುವ ಡೋಸಿಗೂ ಕೊಲ್ಲುವ ಡೋಸಿಗೂ ನಡುವಿನ ಅಂತರ ಕಿರಿದಾಗುತ್ತಾ ಬರುತ್ತದೆ.

ಹಾಗಾದರೆ ಎಲ್ಲಿ ತಡೆಯಬೇಕು? ಮಕ್ಕಳಿಗೆ ಪಾಠ ಹೇಳಿದರಾಯಿತು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರೇ ಶಾಲೆಗೆ ಬಂದು ಪಾಠ ಮಾಡುವ ಡೇರ್ ಎಂಬ ಕಾರ್ಯಕ್ರಮ ಶುರುವಾಯಿತು. ಅಮೆರಿಕದ ತುಂಬಾ ಹಬ್ಬಿತು, ಟೀ ಶರ್ಟು, ಪ್ರಮಾಣವಚನ ಎಲ್ಲವೂ ಇತ್ತು. ಆದರೆ ಅದರ ಹಳೆಯ ಪಠ್ಯವನ್ನು ಸಂಶೋಧಕರು ಮತ್ತೆ ಮತ್ತೆ ಅಳೆದಾಗ, ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ. ಆಮೇಲೆ ಪಠ್ಯವನ್ನೇ ಬದಲಿಸಬೇಕಾಯಿತು. ಮಾಡುವವರಿಗೂ ನೋಡುವವರಿಗೂ ತೃಪ್ತಿ ಕೊಡುವ ಕೆಲಸವೆಲ್ಲ ಫಲ ಕೊಡಲೇಬೇಕೆಂದಿಲ್ಲ.

ಫಲ ಕೊಟ್ಟದ್ದು ಕೆಲವೊಮ್ಮೆ ಒಂದು ಕಾಗದ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಒಂದು ವರ್ಷದಲ್ಲಿ ಡಾಕ್ಟರ್ ಬರೆದ ಮಾತ್ರೆ ಮಿತಿಮೀರಿ ಸತ್ತ 170 ಜನರ ದಾಖಲೆ ತೆಗೆದರು. ಅವರಿಗೆ ಹಿಂದೆ ಇಂಥ ಮಾತ್ರೆ ಬರೆದುಕೊಟ್ಟವರು ಒಟ್ಟು 861 ಮಂದಿ. ಇವರಲ್ಲಿ ಅರ್ಧದಷ್ಟು ಜನರಿಗೆ ಶವಪರೀಕ್ಷೆ ಅಧಿಕಾರಿಯ ಸಹಿ ಇದ್ದ ಪತ್ರ ಹೋಯಿತು, ಉಳಿದವರಿಗೆ ಹೋಗಲಿಲ್ಲ. ಪತ್ರದಲ್ಲಿ ಬೈಗುಳ, ಬೆದರಿಕೆ ಏನೂ ಇರಲಿಲ್ಲ. ನಿಮ್ಮ ರೋಗಿ ಹೀಗೆ ತೀರಿಕೊಂಡರು ಎಂದು ಮರ್ಯಾದೆಯಿಂದ ತಿಳಿಸಿ, ಮುಂದೆ ಸುರಕ್ಷಿತವಾಗಿ ಬರೆಯುವ ಕ್ರಮಗಳನ್ನು ನೆನಪಿಸಿದ್ದರು, ಅಷ್ಟೇ. ಮುಂದಿನ ಮೂರು ತಿಂಗಳಲ್ಲಿ ಪತ್ರ ಹೋದವರು ಬರೆದ ಓಪಿಯಾಯ್ಡ್ ಪ್ರಮಾಣ, ಹೋಗದವರಿಗೆ ಹೋಲಿಸಿದರೆ, ಶೇ. 9.7ರಷ್ಟು ಇಳಿಯಿತು. ಈ ಅಧ್ಯಯನ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನನಗೆ ಇದರಲ್ಲಿ ಹಿಡಿಸಿದ್ದು ಶೇಕಡಾ ಲೆಕ್ಕಕ್ಕಿಂತ ಅದರ ಹಿಂದಿನ ವಿಷಯ. ಬರೆದುಕೊಟ್ಟ ಮಾತ್ರೆ ಮುಂದೆ ಏನಾಯಿತು ಎಂಬ ಸುದ್ದಿ ಸಾಮಾನ್ಯವಾಗಿ ಡಾಕ್ಟರಿಗೆ ವಾಪಸ್ ಬರುವುದೇ ಇಲ್ಲ. ಯಾರೋ ಒಬ್ಬರು ಅದನ್ನು ತಲುಪಿಸಿದರು.

ಮಿಷಿಗನ್ ವಿಶ್ವವಿದ್ಯಾಲಯದವರದ್ದು ಇನ್ನೂ ಸರಳ. ಪಿತ್ತಕೋಶದ ಆಪರೇಷನ್ ಆದವರು ನಿಜವಾಗಿ ಎಷ್ಟು ಮಾತ್ರೆ ತಿಂದರು ಎಂದು ಅವರನ್ನೇ ಕೇಳಿದರು. ಬರೆದದ್ದರಲ್ಲಿ ಸಣ್ಣ ಪಾಲು ಮಾತ್ರ. ಚೀಟಿಯ ಪ್ರಮಾಣವನ್ನು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಸಿದರು. ಇನ್ನಷ್ಟು ಬೇಕು ಎಂದು ಮತ್ತೆ ಕೇಳಿ ಬಂದವರ ಸಂಖ್ಯೆ ಏರಲಿಲ್ಲ. ಕೊಟ್ಟದ್ದು ಕಡಿಮೆಯಾದಾಗ ರೋಗಿಗಳು ತಿಂದದ್ದೂ ಕಡಿಮೆಯಾಯಿತು!

ಈಗಾಗಲೇ ಮನೆಯಲ್ಲಿ ಉಳಿದಿರುವುದಕ್ಕೆ ವಾಪಸ್ ಪಡೆಯುವ ಜಾಗ ಬೇಕು. ಅಮೆರಿಕದಲ್ಲಿ 2010ರಿಂದ ಇದಕ್ಕಾಗಿ ದಿನ ಗೊತ್ತುಮಾಡಿ ಸಂಗ್ರಹಿಸುತ್ತಾರೆ. ಅಂಥ ವ್ಯವಸ್ಥೆ ಇಲ್ಲದ ಕಡೆ ಯಾರೂ ಮುಟ್ಟದಂಥ ಕಸದ ಜೊತೆ ಮಾತ್ರೆ ಬೆರೆಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎಸೆಯಬಹುದು. ಇನ್ನೂ ಬೇಕಾಗಿರುವುದನ್ನು ಎಣಿಸಿ ಬೀಗದೊಳಗೆ ಇಡುವುದು ಒಳ್ಳೆಯದು.

ಮದ್ಯಕ್ಕೆ ಡಾಕ್ಟರ ಚೀಟಿ ಬೇಡ. ಅಲ್ಲಿ ಕೆಲಸ ಮಾಡುವುದು ಬೆಲೆ ಮತ್ತು ಗಡಿಯಾರ. ಬ್ರೆಜಿಲ್‌ನ ಸಾವ್ ಪಾಲೊ ಪಕ್ಕದ ಡಯಡೆಮಾ ಊರಿನಲ್ಲಿ ಬಾರುಗಳು ರಾತ್ರಿಯಿಡೀ ತೆರೆದಿರುತ್ತಿದ್ದವು, ಕೊಲೆಗಳು ವಿಪರೀತ. 2002ರಲ್ಲಿ ಊರಿನ ಆಡಳಿತವೇ ರಾತ್ರಿ 11ಕ್ಕೆ ಮದ್ಯ ಮಾರಾಟ ನಿಲ್ಲಬೇಕೆಂದು ನಿಯಮ ಮಾಡಿತು. ಅದರಿಂದ ತಿಂಗಳಿಗೆ ಸುಮಾರು 9 ಕೊಲೆ ತಪ್ಪಿತೆಂದು ನಂತರದ ಅಧ್ಯಯನ ಲೆಕ್ಕ ಹಾಕಿತು. ಸ್ಕಾಟ್ಲೆಂಡ್ 2018ರಲ್ಲಿ ಮದ್ಯದ ಒಂದು ಯೂನಿಟ್‌ಗೆ (ಅಂದರೆ 10 ಮಿ.ಲೀ. ಶುದ್ಧ ಆಲ್ಕೋಹಾಲ್‌ಗೆ) ಕನಿಷ್ಠ 50 ಪೆನ್ಸ್ ಬೆಲೆ ಕಟ್ಟಿತು. ನೇರವಾಗಿ ಮದ್ಯದಿಂದಲೇ ಆಗುವ ಸಾವುಗಳು, ಆ ನಿಯಮ ಇಲ್ಲದಿದ್ದರೆ ಎಷ್ಟಿರುತ್ತಿದ್ದವೋ ಅದಕ್ಕಿಂತ ಶೇ. 13ರಷ್ಟು ಕಡಿಮೆಯಾದವು ಎಂದು 2023ರಲ್ಲಿ ಅಂದಾಜು ಬಂತು.

ಹದಿಹರೆಯದವರ ವಿಷಯಕ್ಕೆ ಬಂದರೆ ಎಲ್ಲರೂ ಐಸ್‌ಲ್ಯಾಂಡ್ ಕಡೆ ಕೈ ತೋರಿಸುತ್ತಾರೆ. ಅಲ್ಲಿ 15–16 ವಯಸ್ಸಿನವರಲ್ಲಿ, ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವು ಎಂದವರು 1998ರಲ್ಲಿ ಶೇ. 42 ಇದ್ದರು. 2016ರಲ್ಲಿ ಅದು ಶೇ. 5. ಮಕ್ಕಳನ್ನು ಪ್ರಶ್ನಾವಳಿಯ ಮೂಲಕ ಕೇಳಿ, ಉತ್ತರಗಳ ಸಾರವನ್ನು ಆಯಾ ಊರಿಗೆ, ಶಾಲೆಗೆ ಬೇಗ ಹಿಂದಿರುಗಿಸುತ್ತಿದ್ದರು. ಆಟ, ಸಂಗೀತದ ತರಗತಿಗಳಿಗೆ ಹಣ ಕೊಟ್ಟರು. ರಾತ್ರಿ ಮಕ್ಕಳು ಎಷ್ಟು ಹೊತ್ತಿಗೆ ಮನೆಯಲ್ಲಿರಬೇಕು ಎಂದು ತಂದೆತಾಯಂದಿರು ಒಟ್ಟಾಗಿ ಮಾತು ಮಾಡಿಕೊಂಡರು. ಪೂರ್ತಿ ಶ್ರೇಯ ಇದಕ್ಕೇ ಕೊಡುವುದು ಕಷ್ಟ. ಅದೇ ಕಾಲದಲ್ಲಿ ಯುರೋಪಿನ ಬೇರೆ ಹಲವು ದೇಶಗಳಲ್ಲೂ ಹುಡುಗರ ಕುಡಿತ ಇಳಿದಿದೆ. ಆದರೂ ಇಷ್ಟು ಕಡಿದಾದ ಇಳಿಕೆ ಕಾಣುವುದು ಕಡಿಮೆ.

ಬಿಗಿ ಮಾಡುವುದಕ್ಕೂ ಒಂದು ಅಪಾಯವಿದೆ. 2010ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಸುಲಭವಾಗಿ ಪುಡಿ ಮಾಡಲಾಗದಂತೆ ಬದಲಿಸಿದರು. ಚಟಕ್ಕೆ ಬಿದ್ದಿದ್ದ ಅನೇಕರು ಹೆರಾಯಿನ್‌ಗೆ ಹೊರಳಿದರು. ವರ್ಷಗಟ್ಟಲೆ ಕುಡಿದವರು ಅಥವಾ ಬೆಂಜೊಡಯಜೆಪೀನ್ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ‘ಇವತ್ತಿನಿಂದ ಒಂದು ಹನಿಯೂ ಇಲ್ಲ’ ಎಂದು ಬಾಗಿಲು ಹಾಕಿ ಕೂರಿಸುವ ಮೊದಲು ಡಾಕ್ಟರನ್ನು ಕೇಳಬೇಕು. ಚಟ ಬಿಡಿಸುವ ಚಿಕಿತ್ಸೆ ಮುಗಿಸಿ ಬಂದ ಮೊದಲ ವಾರಗಳಲ್ಲೂ ಅಪಾಯ ಹೆಚ್ಚು. ಬಿಟ್ಟಿದ್ದಷ್ಟು ದಿನದಲ್ಲಿ ಮೈಯ ಒಗ್ಗಿಕೆ ಹೋಗಿರುತ್ತದೆ, ಆದರೆ ಮನಸ್ಸಿಗೆ ನೆನಪಿರುವುದು ಹಳೆಯ ಡೋಸ್.

ಅಂಥವರ ಮನೆಯವರ ಕೈಯಲ್ಲಿ, ಓಪಿಯಾಯ್ಡ್ ಮಿತಿಮೀರಿದಾಗ ಕೊಡುವ ನಲೊಕ್ಸೋನ್ ಎಂಬ ಮದ್ದು ಇರಲಿ ಎಂದು ಹಲವು ದೇಶಗಳಲ್ಲಿ ಅದನ್ನು ಹಂಚುತ್ತಾರೆ. ಅಮೆರಿಕದಲ್ಲಿ ಇದರ ಮೂಗಿನ ಸ್ಪ್ರೇಯನ್ನು ಚೀಟಿ ಇಲ್ಲದೆ ಮಾರಲು 2023ರಲ್ಲಿ ಅನುಮತಿ ಸಿಕ್ಕಿತು. ಅದು ಓಪಿಯಾಯ್ಡ್ ಕೂತ ಜಾಗದಿಂದ ಅದನ್ನು ತಳ್ಳಿ ತಾನು ಕೂರುತ್ತದೆ, ಕೆಲವೇ ನಿಮಿಷದಲ್ಲಿ ಉಸಿರು ಮರಳಬಹುದು. ಆದರೆ ಅದರ ಶಕ್ತಿ 30ರಿಂದ 90 ನಿಮಿಷ. ಓಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಉಸಿರು ಮತ್ತೆ ಕುಸಿಯುತ್ತದೆ. ಮದ್ಯದ ಮೇಲಾಗಲಿ ನಿದ್ದೆ ಮಾತ್ರೆಯ ಮೇಲಾಗಲಿ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಎದ್ದು ಕೂತು ‘ನಾನು ಸರಿಯಿದ್ದೀನಿ’ ಎಂದವರಿಗೂ ಆಂಬುಲೆನ್ಸ್ ಬೇಕೇ ಬೇಕು.