ಪುಟ್ಟ ಮಕ್ಕಳ ಪ್ರವಾಸಕ್ಕೆ ದೂರದ ಜಾಗ ಬೇಡ

‘ಮೂರು ವರ್ಷದ ಮಗು, ಈಗ್ಲೇ ಹೊರಗೆಲ್ಲ ಯಾಕೆ ಕರ್ಕೊಂಡು ಹೋಗ್ಬೇಕು ಮಿಸ್? ಏನು ನೆನಪಿರುತ್ತೆ?’ ಪ್ರತಿ ವರ್ಷ ಯಾರಾದರೂ ಅಪ್ಪ ಅಮ್ಮ ಹೀಗೆ ಕೇಳುತ್ತಾರೆ. ಜಾಗದ ಹೆಸರು ಮರೆತುಹೋಗಬಹುದು, ನಿಜ. ಆದರೆ ಕೈಯಲ್ಲಿ ಮುಟ್ಟಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಒಮ್ಮೆ ಮಕ್ಕಳನ್ನು ಅಗ್ನಿಶಾಮಕ ಠಾಣೆಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಚಾರ್ಟಿನಲ್ಲಿ ಪೈಪ್ ಅಂದರೆ ಒಂದು ದಪ್ಪ ಗೆರೆ, ಅಷ್ಟೇ. ಅಲ್ಲಿ ಅದು ಚಪ್ಪಟೆಯಾಗಿ, ಬಟ್ಟೆಯ ಪಟ್ಟಿ ಥರ ನೆಲದ ಮೇಲೆ ಬಿದ್ದಿತ್ತು. ಒಬ್ಬ ಹುಡುಗ ಒತ್ತಿ ನೋಡಿದ, ಮೆತ್ತಗಿತ್ತು. ಆಮೇಲೆ ನೀರು ಬಿಟ್ಟರು ನೋಡಿ, ಆ ಪಟ್ಟಿ ಉದ್ದಕ್ಕೂ ಉಬ್ಬುತ್ತಾ ಬಂದು ಮರದ ಕೊರಡಿನಂತೆ ಗಟ್ಟಿಯಾಯಿತು. ಅವನು ಮತ್ತೆ ಮುಟ್ಟಿ, ‘ಮಿಸ್, ಇದರ ಹೊಟ್ಟೆ ತುಂಬ್ತು!’ ಅಂದ. ನೀರಿನ ಒತ್ತಡವನ್ನು ಇದಕ್ಕಿಂತ ಚೆನ್ನಾಗಿ ನಾನಂತೂ ಹೇಳಲಾರೆ.

ಸಿಬ್ಬಂದಿಯೊಬ್ಬರು ಕೋಟು, ಹೆಲ್ಮೆಟ್, ಮುಖವಾಡ ಒಂದೊಂದಾಗಿ ಮಕ್ಕಳ ಮುಂದೆಯೇ ಹಾಕಿಕೊಂಡರು. ಹೊಗೆಯ ನಡುವೆ ಆ ವೇಷ ನೋಡಿ ಹೆದರಿ ಮಕ್ಕಳು ಬಚ್ಚಿಟ್ಟುಕೊಳ್ಳಬಾರದು, ಅದಕ್ಕೆ.

ಹೀಗೆ ಮುಟ್ಟಿ, ಮಾಡಿ ಕಲಿಯುವುದೇನು ಹೊಸ ವಿಚಾರವಲ್ಲ. 1840ರಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ತಮ್ಮ ಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಅಂತ ಹೆಸರಿಟ್ಟರು. ಮಕ್ಕಳು ತಾವೇ ಗಿಡ ಬೆಳೆಸಬೇಕು ಅನ್ನುವುದು ಅವರ ಆಸೆ.

ಹೊರಡುವ ಮೊದಲು ಶಿಕ್ಷಕರು ಒಮ್ಮೆ ಒಬ್ಬರೇ ಹೋಗಿ ನೋಡಿ ಬನ್ನಿ. ಶೌಚಾಲಯ ಎಲ್ಲಿದೆ, ಮಕ್ಕಳು ಎಲ್ಲಿ ನಿಲ್ಲಬಹುದು ಅಂತ ತಿಳಿದಿರಲಿ. ಹತ್ತಿರದ ಒಂದೇ ಜಾಗ ಸಾಕು, ಒಂದು ಗಂಟೆ ಸಾಕು. ಬಸ್ಸಿನಲ್ಲೇ ಮೂರು ಗಂಟೆ ಕೂರಿಸಿ ನಾಲ್ಕು ಜಾಗ ತೋರಿಸಿದರೆ ಮಕ್ಕಳು ಸುಸ್ತಾಗಿ ಅಳುತ್ತಾರೆ, ಅಲ್ವಾ? ಚಿಕ್ಕ ಚಿಕ್ಕ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಬ್ಬ ದೊಡ್ಡವರು ಇರಲಿ. ಹೆದರಿದ ಮಗುವನ್ನು ಮುಂದೆ ತಳ್ಳಬೇಡಿ, ದೂರದಿಂದ ನೋಡಿದರೂ ಅದು ನೋಡಿದ ಹಾಗೆಯೇ.

ವಾಪಸ್ ಬಂದ ತಕ್ಷಣ ‘ಏನು ಕಲಿತೆ?’ ಅಂತ ಕೇಳಬೇಡಿ. ಸುಮ್ನೆ ಕಾಯಿರಿ. ಮುಂದಿನ ವಾರವೆಲ್ಲ ನಮ್ಮ ತರಗತಿಯಲ್ಲಿ ಹಳೇ ಟವೆಲ್ಲೇ ಪೈಪ್, ಬೆಂಚೇ ಲಾರಿ. ಮಾತೇ ಆಡದಿದ್ದ ಒಂದು ಮಗು ಆ ಆಟದಲ್ಲಿ ‘ನೀರು ಬಿಡು! ನಿಲ್ಸು!’ ಅಂತ ಜೋರಾಗಿ ಕೂಗುತ್ತಿತ್ತು.

ಆಗುವುದಾದರೆ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ. ನಾವು ಹೋದೆವು. ಅವತ್ತು ಪೈಪ್ ಒತ್ತಿ ನೋಡಿದ್ದ ಹುಡುಗ ಈ ಸಲ ಅದರ ಕಡೆ ತಿರುಗಿಯೂ ನೋಡಲಿಲ್ಲ, ನೇರ ಲಾರಿಯ ಹಿಂದೆ ಹೋಗಿ ನಿಂತು, ‘ಇಷ್ಟೊಂದು ನೀರು ಎಲ್ಲಿಟ್ಟಿರ್ತೀರಾ?’ ಅಂತ ಕೇಳಿದ.